ಪ್ರತಿದೀಪ್ತಿ ಶೋಧಕಗಳು: ಒಂದು ಐತಿಹಾಸಿಕ ಸಮೀಕ್ಷೆ

ಹೈದರಾಬಾದು ನಗರದ ವಾಯವ್ಯ ಭಾಗದಲ್ಲಿರುವ ಬಾಲಾನಗರವು ಕೈಗಾರಿಕೆಗಳ ನೆಲೆಯೆಂದು ಇಲ್ಲಿಯ ಕನ್ನಡಿಗರಿಗೆ ಪರಿಚಿತವಾದ ಪ್ರದೇಶ. ಉಪಗ್ರಹಗಳ ನೆರವಿನಿಂದ ಭೂಮಿಯನ್ನು ಪರಿಶೀಲಿಸುವ ರಾಷ್ಟ್ರೀಯ ದೂರಸಂವೇದಿ ಕೇಂದ್ರವು ಇಲ್ಲಿದೆ. ಆಕಾಶದಿಂದ ನೋಡಿದರೂ ಕಾಣದ ಸಂಗತಿಗಳು ಕೆಲವುಂಟು: ಬಾವಿಯ ನೀರಿನಲ್ಲಿ ಕರಗಿದ ವಿಷ, ಜೀವಕೋಶದೊಳಗಿನ ಸುಣ್ಣದ ಅಂಶ, ಔಷಧದಲ್ಲಿ ಬೆರೆತ ಕಲ್ಮಷ. ಇಂಥವುಗಳನ್ನು ಬೆಳಕಿನ ಮೂಲಕ ಪ್ರಕಟಪಡಿಸುವ ವಿದ್ಯೆಯೊಂದು ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಿಂದ ಬೆಳೆದು ಬಂದಿದೆ. ಅದರ ಇತಿಹಾಸವನ್ನು ಸಂಗ್ರಹವಾಗಿ ನಿರೂಪಿಸಿ, ಬಾಲಾನಗರದಂಥ ಊರಿಗೆ ಅದು ಏಕೆ ಬೇಕಾಗಿದೆ ಎಂಬುದನ್ನು ವಿಚಾರಮಾಡುವುದು ಪ್ರಸ್ತುತ ಲೇಖನದ ಉದ್ದೇಶ. ಲೇಖಕನು ವೃತ್ತಿಯಿಂದ ರಸಾಯನಶಾಸ್ತ್ರಜ್ಞನಲ್ಲ, ಬ್ಯಾಂಕಿನ ಅಧಿಕಾರಿ. ವಿಷಯವನ್ನು ಇತಿಹಾಸದ ವಿದ್ಯಾರ್ಥಿಯಾಗಿ ನೋಡಿದ್ದಾನೆ.

೧. ಹೆಸರು ಮತ್ತು ಹುಟ್ಟು

ಕೆಲವು ವಸ್ತುಗಳು ತಮ್ಮ ಮೇಲೆ ಬಿದ್ದ ಬೆಳಕನ್ನು ಹೀರಿಕೊಂಡು, ಕೂಡಲೇ ಬೇರೊಂದು ಬಣ್ಣದ ಬೆಳಕನ್ನು ಹೊರಸೂಸುತ್ತವೆ. ಇದಕ್ಕೆ ಕನ್ನಡದಲ್ಲಿ ಪ್ರತಿದೀಪ್ತಿ ಎಂಬ ಹೆಸರು ರೂಢವಾಗಿದೆ. ದೀಪ್ತಿಗೆ ಪ್ರತಿಯಾಗಿ ಬರುವ ದೀಪ್ತಿಯೆಂಬ ಅರ್ಥವನ್ನು ಕೊಡುವ ಈ ಶಬ್ದವು ಮೂಲದ ಫ್ಲೂರೆಸೆನ್ಸ್ ಎಂಬ ಶಬ್ದಕ್ಕಿಂತ ಸ್ಪಷ್ಟವಾಗಿದೆ ಎನ್ನಲು ಸಂಕೋಚಪಡಬೇಕಾಗಿಲ್ಲ. ಮೂಲದ ಹೆಸರು ಫ್ಲೋರ್‌ಸ್ಪಾರ್ ಎಂಬ ಖನಿಜದಿಂದ ಬಂದದ್ದು. ನಡೆಯುವ ಕ್ರಿಯೆಯನ್ನು ಅದು ಸೂಚಿಸುವುದಿಲ್ಲ.

ಈ ವಿಸ್ಮಯವು ವಿದ್ವಾಂಸರ ಗಮನಕ್ಕೆ ಬಂದದ್ದು ಔಷಧಗಳ ಮೂಲಕ. ಮೆಕ್ಸಿಕೋ ದೇಶದಿಂದ ಬಂದ ಒಂದು ಮರದ ಚಕ್ಕೆಯನ್ನು ನೀರಿನಲ್ಲಿ ನೆನೆಹಾಕಿದರೆ ಆ ನೀರು ನೀಲಿ ಛಾಯೆಯನ್ನು ತಾಳುವುದೆಂದು ಸ್ಪೇನಿನ ವೈದ್ಯ ಮೊನಾರ್ಡೆಸನು ೧೫೬೫ರಲ್ಲಿ ಬರೆದನು. ಮೂತ್ರಪಿಂಡದ ರೋಗಗಳಿಗೆ ಆ ಕಷಾಯವನ್ನು ಕೊಡುತ್ತಿದ್ದರು. ಮುಂದೆ ೧೮೪೫ರಲ್ಲಿ ಜಾನ್ ಹರ್ಷೆಲನು ಕ್ವಿನೈನ್ ಸಲ್ಫೇಟಿನ ದ್ರಾವಣದಲ್ಲಿ ಇಂಥದೇ ನೀಲಿಯನ್ನು ಕಂಡನು. ಇದೂ ಔಷಧವೇ, ಮಲೇರಿಯಾ ಜ್ವರಕ್ಕೆ ಅಂದು ಜಗತ್ತು ನಂಬಿದ್ದ ಮದ್ದು. ನಮ್ಮ ನೀಲಗಿರಿಯಲ್ಲಿ ೧೮೬೦ರಿಂದ ಸಿಂಕೋನ ಮರಗಳನ್ನು ನೆಟ್ಟದ್ದು ಈ ಕ್ವಿನೈನಿಗಾಗಿಯೇ. ಬೆಂಗಳೂರಿನ ದಂಡಿನಲ್ಲಿ ೧೮೮೩ರಲ್ಲಿ ವೈದ್ಯನಾಗಿದ್ದು ಸೊಳ್ಳೆಗಳ ಕಡೆಗೆ ಮೊದಲು ಗಮನ ಕೊಟ್ಟ ರೊನಾಲ್ಡ್ ರಾಸ್, ಮಲೇರಿಯಾದ ಪರೋಪಜೀವಿಯನ್ನು ಸೊಳ್ಳೆಯ ಉದರದಲ್ಲಿ ಕಂಡುಹಿಡಿದದ್ದು ೧೮೯೭ನೆಯ ಆಗಸ್ಟ್ ೨೦ರಂದು, ಸಿಕಂದರಾಬಾದಿನಲ್ಲಿ. ಅವನ ಹೆಸರನ್ನು ಹೊತ್ತ ಬೇಗಂಪೇಟೆಯ ಕಟ್ಟಡವು ಬಾಲಾನಗರಕ್ಕೆ ದೂರವಲ್ಲ. ರೋಗವನ್ನು ಕಾಣುವುದೂ ರೋಗಕ್ಕೆ ಮದ್ದನ್ನು ಮಾಡುವುದೂ ಈ ನಗರದ ಇತಿಹಾಸದಲ್ಲಿ ಹೀಗೆ ಹಿಂದಿನಿಂದಲೂ ಹತ್ತಿರ ಹತ್ತಿರವೇ ಇವೆ.

ಪ್ರತಿದೀಪ್ತಿಗೆ ಶಾಸ್ತ್ರದ ಅಡಿಪಾಯ ಹಾಕಿದವನು ಕೇಂಬ್ರಿಜ್ಜಿನ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್. ಅವನು ಪಟ್ಟಕದ ಮೂಲಕ ಸೂರ್ಯನ ಬೆಳಕನ್ನು ಬಿಡಿಸಿ, ಕ್ವಿನೈನ್ ದ್ರಾವಣದ ನಳಿಗೆಯನ್ನು ಕೆಂಪಿನಿಂದ ನೇರಳೆಯ ಕಡೆಗೆ ಸರಿಸುತ್ತ ಹೋದನು. ಕಣ್ಣಿಗೆ ಕಾಣುವ ಬಣ್ಣಗಳಲ್ಲಿ ಬಹುಪಾಲು ದಾಟುವವರೆಗೂ ದ್ರಾವಣ ನಿರ್ವಿಕಾರವಾಗಿತ್ತು. ನೇರಳೆಯ ಅಂಚನ್ನು ಸಮೀಪಿಸಿ, ಅದನ್ನೂ ದಾಟಿ, ಬರಿಯ ಕತ್ತಲೆಯೆಂದು ತೋರುವ ಎಡೆಗೆ ಬಂದಾಗ ಅದು ನೀಲಿಯಾಗಿ ಬೆಳಗಿತು. ಕಾಣದ ಅತಿನೇರಳೆ ಕಿರಣವು ಕಾಣುವ ಬೆಳಕಾಗಿ ಮಾರ್ಪಟ್ಟಿತ್ತು. ಹೊರಬರುವ ಬೆಳಕಿನ ತರಂಗಾಂತರವು ಒಳಹೋದ ಬೆಳಕಿನದಕ್ಕಿಂತ ದೀರ್ಘವಾಗಿರುವುದೆಂಬ ನಿಯಮವನ್ನು ಅವನು ೧೮೫೨ರಲ್ಲಿ ಪ್ರಕಟಿಸಿದನು. ಈ ಅಂತರದಿಂದಲೇ ಮುಂದಿನ ಉಪಯೋಗಗಳೆಲ್ಲ ಸಾಧ್ಯವಾದುವು. ಹೊಡೆಯುವ ಬೆಳಕನ್ನು ಸೋಸುಗಾಜಿನಿಂದ ತಡೆದು, ವಸ್ತುವಿನಿಂದ ಬರುವ ಬೆಳಕನ್ನು ಮಾತ್ರ ನೋಡಲು ಬರುತ್ತದೆ. ಸ್ಟೋಕ್ಸನು ಅಲ್ಲಿಗೆ ನಿಲ್ಲದೆ, ಸಾವಯವ ವಸ್ತುಗಳನ್ನು ಗುರುತಿಸಲು ಅವುಗಳ ಬೆಳಕಿನ ಗುಣವನ್ನು ಬಳಸಬಹುದೆಂದು ೧೮೬೪ರಲ್ಲಿ ಉಪನ್ಯಾಸ ಮಾಡಿದನು.

೨. ಬೆಳಕು ಸಾಕ್ಷಿಯಾದದ್ದು

ಮೇಲಿನ ಉದಾಹರಣೆಗಳಲ್ಲಿ ಬೆಳಗುವ ವಸ್ತುವು ತನ್ನ ಇರವನ್ನು ತಾನೇ ಸಾರುತ್ತದೆ. ಆದರೆ ನಾವು ಹುಡುಕಬೇಕಾದ ವಸ್ತುಗಳಲ್ಲಿ ಬಹುಪಾಲು ಬೆಳಗುವುದಿಲ್ಲ. ಸೀಸ, ಪಾದರಸ, ಪಾಷಾಣ ಇವುಗಳಿಗೆ ನೀರಿನಲ್ಲಿ ಬಣ್ಣವೂ ಇಲ್ಲ, ದೀಪ್ತಿಯೂ ಇಲ್ಲ. ತಾನು ಬೆಳಗದ ವಸ್ತುವಿನ ಪರವಾಗಿ ಬೇರೊಂದು ವಸ್ತು ಬೆಳಗುವಂತೆ ಮಾಡುವುದೇ ಶೋಧಕದ ತತ್ತ್ವ. ಇದರ ಆದ್ಯ ಉದಾಹರಣೆ ೧೮೬೭ರದು. ಗೊಪ್ಪೆಲ್ಸ್‌ರೋಡರ್ ಎಂಬ ಸ್ವಿಸ್ ರಸಾಯನಶಾಸ್ತ್ರಜ್ಞನು, ಮೋರಿನ್ ಎಂಬ ಮರದ ಬಣ್ಣವು ಅಲ್ಯೂಮಿನಿಯಂ ಲವಣದೊಡನೆ ಕೂಡಿದಾಗ ಹಸಿರಾಗಿ ಬೆಳಗುವುದನ್ನು ಕಂಡು, ಅದನ್ನು ಅಲ್ಯೂಮಿನಿಯಮಿನ ಪರೀಕ್ಷೆಗೆ ಬಳಸಿದನು.

ಇದಾದ ಸ್ವಲ್ಪ ಕಾಲದಲ್ಲೇ, ೧೮೭೧ರಲ್ಲಿ, ಅಡಾಲ್ಫ್ ಫಾನ್ ಬಾಯರ್ ಫ್ಲೂರೆಸೀನ್ ಎಂಬ ವರ್ಣದ್ರವ್ಯವನ್ನು ತಯಾರಿಸಿದನು. ಆರು ವರ್ಷಗಳ ಮೇಲೆ ಅದೇ ದ್ರವ್ಯ ಒಂದು ವಿವಾದದಲ್ಲಿ ಸಾಕ್ಷಿ ನುಡಿಯಿತು. ಜರ್ಮನಿಯಲ್ಲಿ ಡ್ಯಾನ್ಯೂಬ್ ನದಿಯ ನೀರು ಒಂದೆಡೆ ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಂಗಿಹೋಗುತ್ತದೆ. ಅದು ಎಲ್ಲಿ ಮೇಲೇಳುವುದೆಂಬ ಪ್ರಶ್ನೆ ನೀರಿನ ಹಕ್ಕಿಗೆ ಸಂಬಂಧಿಸಿದ್ದಾಗಿತ್ತು. ೧೮೭೭ರಲ್ಲಿ ಸುಮಾರು ಹತ್ತು ಕಿಲೋಗ್ರಾಂ ಫ್ಲೂರೆಸೀನನ್ನು ಅಲ್ಲಿ ಸುರಿಯಲಾಗಿ, ಸುಮಾರು ಎರಡೂವರೆ ದಿನಗಳ ಮೇಲೆ ಆಖ್ ಎಂಬ ಬುಗ್ಗೆಯ ನೀರು ಹಸಿರಾಗಿ ಬೆಳಗಿತು. ಹೀಗೆ ಒಂದು ನದಿಯ ನೀರು ಇನ್ನೊಂದು ನದಿಗೆ ಸೇರುತ್ತಿದೆಯೆಂಬುದು ನಿರ್ವಿವಾದವಾಯಿತು. ನೆಲದೊಳಗೆ ಹರಿಯುವ ನೀರಿಗೆ ಸರಹದ್ದಿಲ್ಲವೆಂಬ ಪಾಠವನ್ನು ನಾವು ಮುಂದೆ ಜ್ಞಾಪಿಸಿಕೊಳ್ಳಬೇಕಾಗುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಈ ಸಾಕ್ಷಿಯು ಶರೀರದೊಳಕ್ಕೂ ಪ್ರವೇಶಿಸಿತು. ಅಮೆರಿಕದ ಆಲ್ಬರ್ಟ್ ಕೂನ್ಸ್ ೧೯೪೧ರ ಸುಮಾರಿಗೆ ರಕ್ತದ ಪ್ರತಿಕಾಯಗಳಿಗೆ ಪ್ರತಿದೀಪ್ತ ಅಣುಗಳನ್ನು ಅಂಟಿಸಿ, ರೋಗಾಣುಗಳು ತಾವಾಗಿ ಗುರುತು ತೋರುವಂತೆ ಮಾಡಿದನು. ಫ್ಲೂರೆಸೀನನ್ನು ರಕ್ತನಾಳಕ್ಕೆ ಕೊಟ್ಟು ಕಣ್ಣಿನ ಹಿಂಬದಿಯ ನಾಳಗಳ ಚಿತ್ರ ತೆಗೆಯುವ ಕ್ರಮವು ೧೯೬೧ರಲ್ಲಿ ಪ್ರಕಟವಾಯಿತು. ಮಧುಮೇಹವುಳ್ಳ ನಮ್ಮ ವಾಚಕರಲ್ಲಿ ಕೆಲವರಾದರೂ ಈ ಪರೀಕ್ಷೆಗೆ ಒಳಗಾಗಿರಬಹುದು. ಬಾಯರನ ಹಳದಿ ದ್ರವ್ಯವೇ ಅವರ ಕಣ್ಣಿನ ಸುಸ್ಥಿತಿಗೆ ಸಾಕ್ಷಿ ಹೇಳಿದ್ದು.

ಲೇಖಕನ ವೃತ್ತಿಯಲ್ಲಿಯೂ ಇದರ ಒಂದು ಪ್ರಯೋಗ ದಿನವೂ ನಡೆಯುತ್ತದೆ. ನಗದು ಕಟ್ಟೆಯ ಮೇಲಿನ ಅತಿನೇರಳೆ ದೀಪದ ಕೆಳಗೆ ನೋಟನ್ನು ಹಿಡಿದರೆ, ಅಸಲಿ ಕಾಗದ ಮಂಕಾಗಿಯೇ ಉಳಿದು, ಅದರೊಳಗಿನ ಎಳೆಗಳೂ ಭದ್ರತಾ ದಾರವೂ ಸಂಖ್ಯೆಗಳೂ ಬೆಳಗುತ್ತವೆ. ಅಂಗಡಿಯಲ್ಲಿ ದೊರೆಯುವ ಬಿಳಿ ಕಾಗದದಲ್ಲಿ ಬಿಳುಪನ್ನು ಹೆಚ್ಚಿಸುವ ಪ್ರತಿದೀಪ್ತ ದ್ರವ್ಯವಿರುವುದರಿಂದ ಅದು ಇಡಿಯಾಗಿ ನೀಲಿಯಾಗಿ ಬೆಳಗುತ್ತದೆ. ಎಲ್ಲಿ ಬೆಳಗಬೇಕು, ಎಲ್ಲಿ ಬೆಳಗಬಾರದು ಎಂಬ ಎರಡೂ ಸಂಗತಿಗಳಿಂದ ತೀರ್ಮಾನವಾಗುತ್ತದೆ. ಶೋಧಕಗಳ ವಿಷಯವೂ ಹಾಗೆಯೇ.

ಬೆಳಗಿದ್ದೆಲ್ಲ ಪ್ರತಿದೀಪ್ತಿಯಲ್ಲ ಎಂಬುದಕ್ಕೆ ನಮ್ಮ ದೇಶದ್ದೇ ಮಹೋನ್ನತ ದೃಷ್ಟಾಂತವಿದೆ. ಕಲ್ಕತ್ತೆಯಲ್ಲಿ ಚಂದ್ರಶೇಖರ ವೆಂಕಟ ರಾಮನ್ನರ ಶಿಷ್ಯರಾದ ಕೆ. ಆರ್. ರಾಮನಾಥನ್ನರು ೧೯೨೩ರಲ್ಲಿ ದ್ರವಗಳು ಚೆದರಿಸಿದ ಬೆಳಕಿನಲ್ಲಿ ಬೇರೆ ಬಣ್ಣದ ಕ್ಷೀಣ ಅಂಶವನ್ನು ಕಂಡಾಗ, ಅದನ್ನು ಕಲ್ಮಷದ ಪ್ರತಿದೀಪ್ತಿಯೆಂದು ಭಾವಿಸಲಾಗಿತ್ತು. ದ್ರವವನ್ನು ಎಷ್ಟು ಶುದ್ಧಿಮಾಡಿದರೂ ಅದು ಹೋಗಲಿಲ್ಲ. ಅದು ಪ್ರತಿದೀಪ್ತಿಯೇ ಅಲ್ಲವೆಂದು ೧೯೨೮ರಲ್ಲಿ ಸ್ಥಾಪಿತವಾದಾಗ ರಾಮನ್ ಪರಿಣಾಮದ ಶೋಧವಾಯಿತು. ರಾಮನ್ನರು ೧೯೩೩ರಲ್ಲಿ ಬೆಂಗಳೂರಿಗೆ ಬಂದು ಅಲ್ಲಿಯವರೇ ಆದರು. ಸಾಕ್ಷಿಯು ನುಡಿದುದನ್ನು ಒಪ್ಪುವ ಮುನ್ನ ಅಡ್ಡಪ್ರಶ್ನೆ ಹಾಕಬೇಕೆಂಬುದು ಈ ಪ್ರಕರಣದ ಸಾರ.

೩. ವಿನ್ಯಾಸದ ವಿದ್ಯೆ

ಗೊಪ್ಪೆಲ್ಸ್‌ರೋಡರನಿಗೆ ಮೋರಿನ್ ದೊರೆತದ್ದು ಪ್ರಕೃತಿಯ ಭಂಡಾರದಿಂದ. ಬೇಕಾದ ಶೋಧಕವನ್ನು ಯೋಚಿಸಿ ಕಟ್ಟುವ ವಿದ್ಯೆ ಬೆಳೆದದ್ದು ೧೯೮೦ರಿಂದ ಈಚೆಗೆ. ಅದರ ಪ್ರಯೋಜನವನ್ನು ತಿಳಿಯಲು ಒಂದು ಉಪಮೆ ಸಾಕು. ದಸರೆಯ ದೀಪಾಲಂಕಾರದಲ್ಲಿ ಒಂದು ದೀಪ ಆರಿದರೆ ಯಾರ ಗಮನಕ್ಕೂ ಬಾರದು. ಅಮಾವಾಸ್ಯೆಯ ರಾತ್ರಿ ಬಯಲಿನಲ್ಲಿ ಒಂದು ಹಣತೆ ಹೊತ್ತಿದರೆ ಹರದಾರಿಯಿಂದಲೂ ಕಾಣುತ್ತದೆ. ದ್ರಾವಣವು ಎಷ್ಟು ಬೆಳಕನ್ನು ಹೀರಿತೆಂದು ಅಳೆಯುವುದು ಮೊದಲನೆಯದರಂತೆ, ಕತ್ತಲೆಯ ಹಿನ್ನೆಲೆಯಲ್ಲಿ ಎಷ್ಟು ಬೆಳಕು ಹೊಮ್ಮಿತೆಂದು ಅಳೆಯುವುದು ಎರಡನೆಯದರಂತೆ. ಪ್ರತಿದೀಪ್ತಿಯ ಸೂಕ್ಷ್ಮತೆಗೆ ಇದೇ ಕಾರಣ. ವಸ್ತುವು ಸೇರಿದಾಗ ಆರುವ ಶೋಧಕಕ್ಕಿಂತ ಹೊತ್ತುವ ಶೋಧಕವನ್ನು ಪಂಡಿತರು ಮೇಲೆಂದು ಎಣಿಸುವುದಕ್ಕೂ ಇದೇ ಕಾರಣ.

ಜೀವಕೋಶದ ಹೊರಗಿನ ದ್ರವದಲ್ಲಿರುವ ಕ್ಯಾಲ್ಸಿಯಂ ಅಯಾನುಗಳ ಸಾಂದ್ರತೆಯು ಒಳಗಿನದರ ಸುಮಾರು ಹತ್ತು ಸಾವಿರ ಪಟ್ಟು ಇದೆ. ಒಳಗಿನ ಆ ಅತ್ಯಲ್ಪ ಅಂಶದ ಏರಿಳಿತದಿಂದಲೇ ಸ್ನಾಯುವು ಸಂಕುಚಿಸುತ್ತದೆ, ನರವು ಸಂದೇಶವನ್ನು ದಾಟಿಸುತ್ತದೆ. ಆದರೆ ಅದೇ ಕೋಶದಲ್ಲಿ ಕ್ಯಾಲ್ಸಿಯಮಿನ ಸೋದರನಂತಿರುವ ಮೆಗ್ನೀಸಿಯಂ ಯಥೇಚ್ಛವಾಗಿದೆ. ಒಂದನ್ನು ಹಿಡಿದು ಇನ್ನೊಂದನ್ನು ಬಿಡುವ ಅಣುವನ್ನು ಕಟ್ಟಿದವನು ರೋಜರ್ ತ್ಸಿಯೆನ್. ಕೇಂಬ್ರಿಜ್ಜಿನಲ್ಲಿದ್ದಾಗ ೧೯೮೦ರಲ್ಲಿ ಅವನು ಆ ಹಿಡಿತದ ಸೂತ್ರವನ್ನು ಪ್ರಕಟಿಸಿದನು. ಅಣುವನ್ನು ಕೋಶದೊಳಗೆ ಕಳುಹಿಸುವ ಉಪಾಯವನ್ನೂ ಅವನೇ ಕಂಡನು: ಅದಕ್ಕೆ ಒಂದು ರಾಸಾಯನಿಕ ಹೊದಿಕೆಯನ್ನು ತೊಡಿಸಿದರೆ ಕೋಶದ ಪೊರೆಯನ್ನು ದಾಟುತ್ತದೆ, ಒಳಗೆ ಹೋದಮೇಲೆ ಕೋಶದ ಕಿಣ್ವಗಳೇ ಆ ಹೊದಿಕೆಯನ್ನು ಕತ್ತರಿಸುತ್ತವೆ, ಹೊದಿಕೆ ಕಳಚಿದ ಅಣು ಹೊರಬರಲಾರದು. ಮುಂದೆ ೧೯೮೫ರಲ್ಲಿ ಬಂದ ಫ್ಯೂರಾ-೨ ಎಂಬ ಶೋಧಕವು ಎರಡು ತರಂಗಾಂತರಗಳಲ್ಲಿ ಪಡೆದ ದೀಪ್ತಿಯ ಅನುಪಾತದಿಂದ ಉತ್ತರ ಕೊಡುತ್ತದೆ. ಶೋಧಕ ಎಷ್ಟು ಸೇರಿದೆ, ದೀಪ ಎಷ್ಟು ಪ್ರಖರವಾಗಿದೆ ಎಂಬ ಆಕಸ್ಮಿಕಗಳು ಅನುಪಾತದಲ್ಲಿ ಕಳೆದುಹೋಗುತ್ತವೆ. ಒಂದು ಸಂಸ್ಥೆಯ ಸ್ಥಿತಿಯನ್ನು ಒಂಟಿ ಅಂಕಿಯಿಂದ ಅಳೆಯದೆ ಎರಡು ಅಂಕಿಗಳ ಅನುಪಾತದಿಂದ ಅಳೆಯುವ ನಮ್ಮ ಬ್ಯಾಂಕಿನ ಪದ್ಧತಿಗೂ ಇದಕ್ಕೂ ತರ್ಕ ಒಂದೇ.

ಇದೇ ದಶಕದಲ್ಲಿ ಸಿಂಹಳದಲ್ಲಿ ಹುಟ್ಟಿ ಬೆಲ್‌ಫಾಸ್ಟಿನಲ್ಲಿ ನೆಲಸಿದ ಪ್ರಸನ್ನ ಡಿ ಸಿಲ್ವ ಅವರು ವಿನ್ಯಾಸಕ್ಕೆ ಒಂದು ವ್ಯಾಕರಣವನ್ನೇ ಕೊಟ್ಟರು. ಅವರ ಶೋಧಕದಲ್ಲಿ ಮೂರು ಅಂಗಗಳು: ಬೆಳಗುವ ದೀಪಕ, ವಸ್ತುವನ್ನು ಹಿಡಿಯುವ ಗ್ರಾಹಕ, ಇವೆರಡನ್ನು ಜೋಡಿಸುವ ಕೊಂಡಿ. ಗ್ರಾಹಕವು ಬರಿದಾಗಿರುವಾಗ ಅದರ ಇಲೆಕ್ಟ್ರಾನ್ ಒಂದು ದೀಪಕಕ್ಕೆ ನೆಗೆದು ದೀಪ್ತಿಯನ್ನು ಆರಿಸುತ್ತದೆ. ಗ್ರಾಹಕವು ಅಯಾನೊಂದನ್ನು ಹಿಡಿದ ಕೂಡಲೇ ಆ ಇಲೆಕ್ಟ್ರಾನ್ ಅಲ್ಲಿಯೇ ಬಂಧಿತವಾಗಿ ದೀಪವು ಹೊತ್ತುತ್ತದೆ. ರಕ್ತದ ಸೋಡಿಯಂ, ಪೊಟ್ಯಾಸಿಯಂಗಳನ್ನು ಅಳೆಯುವ ಆಸ್ಪತ್ರೆಯ ಯಂತ್ರಗಳಲ್ಲಿ ಈ ತತ್ತ್ವವು ಬಳಕೆಗೆ ಬಂದಿದೆ.

೪. ಹೈದರಾಬಾದು ಮತ್ತು ಬಾಲಾನಗರ

ಡಿ ಸಿಲ್ವ ಅವರ ವ್ಯಾಕರಣಕ್ಕೆ ಒಂದು ಅಪವಾದವಿತ್ತು. ತಾಮ್ರ, ಕಬ್ಬಿಣ, ನಿಕಲ್ ಮೊದಲಾದ ಲೋಹಗಳ ಅಯಾನುಗಳು ತಾವೇ ದೀಪ್ತಿಯನ್ನು ನಂದಿಸುವ ಸ್ವಭಾವದವು. ಹಿಡಿದೊಡನೆ ಬೆಳಗಬೇಕಾದ ಶೋಧಕವು ಇವುಗಳನ್ನು ಹಿಡಿದೊಡನೆ ಆರಿಹೋಗುವುದು ಸಾಮಾನ್ಯ. ಈ ತೊಡಕಿಗೆ ಉತ್ತರ ಹುಡುಕಿದ ಒಂದು ಎಡೆ ನಮ್ಮ ಹೈದರಾಬಾದು ವಿಶ್ವವಿದ್ಯಾಲಯ. ಇಲೆಕ್ಟ್ರಾನುಗಳ ಕೊರತೆಯುಳ್ಳ ದೀಪಕವನ್ನು ಆರಿಸಿಕೊಂಡರೆ ಲೋಹಕ್ಕೂ ದೀಪಕಕ್ಕೂ ನಡುವಣ ವ್ಯವಹಾರ ತಗ್ಗಿ, ಈ ಲೋಹಗಳ ಸನ್ನಿಧಿಯಲ್ಲಿಯೂ ಶೋಧಕವು ಬೆಳಗುವುದೆಂದು ಅನುನಯ ಸಾಮಂತರೂ ಅವರ ಸಹೋದ್ಯೋಗಿ ರಾಮಚಂದ್ರಮ್ ಅವರೂ ೧೯೯೭ರಲ್ಲಿ ಪ್ರಕಟಿಸಿದರು. ಸರಳ ರಚನೆಯ ಅಣುವಿನಿಂದ ಈ ಕಾರ್ಯವನ್ನು ಸಾಧಿಸಿದ್ದು ಆ ಸಂಶೋಧನೆಯ ವೈಶಿಷ್ಟ್ಯ.

ಈ ನಗರದಲ್ಲಿ ರಸಾಯನವಿದ್ಯೆಯ ಬೇರು ಹಳೆಯದು. ನಿಜಾಮ ಸಂಸ್ಥಾನವು ೧೯೪೪ರಲ್ಲಿ ಸ್ಥಾಪಿಸಿದ ಕೇಂದ್ರ ಪ್ರಯೋಗಾಲಯಗಳೇ ಇಂದಿನ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯ ಮೂಲ. ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳ ಕನ್ನಡಿಗರು ಅಂದು ಆ ಸಂಸ್ಥಾನದ ಪ್ರಜೆಗಳೇ ಆಗಿದ್ದುದರಿಂದ ಇದು ನಮಗೂ ಬಾಧ್ಯತೆಯುಳ್ಳ ಆಸ್ತಿ. ಭಾರತ ಸರ್ಕಾರವು ೧೯೬೧ರಲ್ಲಿ ಇಂಡಿಯನ್ ಡ್ರಗ್ಸ್ ಅಂಡ್ ಫಾರ್ಮಸ್ಯೂಟಿಕಲ್ಸ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಸೋವಿಯತ್ ನೆರವಿನಿಂದ ಅದರ ಸಂಶ್ಲೇಷಿತ ಔಷಧಗಳ ಕಾರ್ಖಾನೆಯನ್ನು ಬಾಲಾನಗರದಲ್ಲಿ ಕಟ್ಟಿಸಿತು. ಅಲ್ಲಿ ಪಳಗಿದ ರಸಾಯನಜ್ಞರು ಹೊರಬಂದು ತಮ್ಮ ತಮ್ಮ ಕಾರ್ಖಾನೆಗಳನ್ನು ತೆರೆದರು. ಅಲ್ಲಿ ಕೆಲವು ವರ್ಷ ದುಡಿದ ಅಂಜಿರೆಡ್ಡಿಯವರು ೧೯೮೪ರಲ್ಲಿ ಸ್ಥಾಪಿಸಿದ ಸಂಸ್ಥೆಯ ಹೆಸರು ಜಗತ್ತಿಗೆ ತಿಳಿದಿದೆ. ಔಷಧದ ಪದಾರ್ಥಕ್ಕೆ ಪೇಟೆಂಟು ಕೊಡದ ೧೯೭೦ರ ಕಾನೂನು ಇದಕ್ಕೆ ಅನುಕೂಲವಾಯಿತು. ಬಡವನಿಗೂ ನಿಲುಕುವ ಬೆಲೆಯ ಔಷಧ ಈ ನೆಲದಿಂದ ಹೊರಟಿತು. ಮೂಲ ಸಂಸ್ಥೆಯಾದರೋ ನಷ್ಟಕ್ಕೆ ಸಿಲುಕಿ ೧೯೯೨ರಲ್ಲಿ ರೋಗಗ್ರಸ್ತವೆಂದು ಘೋಷಿತವಾಯಿತು.

ಈ ವೈಭವಕ್ಕೆ ಇನ್ನೊಂದು ಮುಖವಿದೆ. ಬಾಲಾನಗರದಿಂದ ಪಶ್ಚಿಮಕ್ಕೆ ಹಬ್ಬಿದ ಕಾರ್ಖಾನೆಗಳ ಸಾಲು ಪಟಾನ್‌ಚೆರುವಿನವರೆಗೆ ಹೋಯಿತು. ಕೆರೆಗಳೂ ಹಳ್ಳಗಳೂ ಕೆಟ್ಟುವು. ಸ್ವೀಡನ್ನಿನ ಸಂಶೋಧಕರು ೨೦೦೭ರಲ್ಲಿ ಪ್ರಕಟಿಸಿದ ಲೇಖನವೊಂದರ ಪ್ರಕಾರ, ಸುಮಾರು ೯೦ ಔಷಧ ಕಾರ್ಖಾನೆಗಳ ಕೊಳೆನೀರನ್ನು ಸಂಸ್ಕರಿಸುವ ಅಲ್ಲಿಯ ಘಟಕದಿಂದ ಹೊರಬಿದ್ದ ನೀರಿನಲ್ಲಿ ಸಿಪ್ರೋಫ್ಲಾಕ್ಸಸಿನ್ ಎಂಬ ಜೀವಿರೋಧಕವು ಲೀಟರಿಗೆ ೩೧ ಮಿಲಿಗ್ರಾಂವರೆಗೆ ಇತ್ತು. ಕೆಲವು ಬ್ಯಾಕ್ಟೀರಿಯಗಳನ್ನು ಕೊಲ್ಲಲು ಸಾಕಾಗುವ ಪ್ರಮಾಣಕ್ಕೆ ಇದು ಸಾವಿರ ಪಟ್ಟಿಗಿಂತ ಹೆಚ್ಚು. ಇಂಥ ನೀರಿನಲ್ಲಿ ಬದುಕಿ ಉಳಿಯುವ ರೋಗಾಣುವಿಗೆ ಆ ಔಷಧವು ಮುಂದೆ ನಾಟುವುದಿಲ್ಲ. ಗಮನಿಸಬೇಕಾದ ಸಂಗತಿಯೆಂದರೆ, ಸಿಪ್ರೋಫ್ಲಾಕ್ಸಸಿನ್ ಕ್ವಿನೈನಿನಂತೆಯೇ ಸ್ವತಃ ಪ್ರತಿದೀಪ್ತವಾದ ವಸ್ತು. ಅದು ಆ ನೀರಿನಲ್ಲಿ ತನ್ನ ಇರವನ್ನು ತಾನೇ ಸಾರುತ್ತಿತ್ತು. ಕೇಳುವ ಏರ್ಪಾಡು ಅಲ್ಲಿರಲಿಲ್ಲ. ಅದನ್ನು ಅಳೆದು ಜಗತ್ತಿಗೆ ಹೇಳಿದವರು ದೂರದ ದೇಶದವರು.

ಅದೇ ೨೦೦೭ರಲ್ಲಿ ಬಾಲಾನಗರದ ಅದೇ ಹಳೆಯ ಔಷಧ ಸಂಸ್ಥೆಯ ಸಂಶೋಧನಾ ಆವರಣದಲ್ಲಿ ರಾಷ್ಟ್ರೀಯ ಔಷಧ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯ ಹೈದರಾಬಾದು ಶಾಖೆಯು ಆರಂಭವಾಯಿತು. ಔಷಧಗಳ ರಚನೆಯೊಡನೆ ಔಷಧಗಳ ವಿಶ್ಲೇಷಣೆಯನ್ನೂ ವಿಷಶಾಸ್ತ್ರವನ್ನೂ ಅಲ್ಲಿ ಕಲಿಸುತ್ತಾರೆ. ಹಿಂದೆ ತಯಾರಿಕೆಗೆ ಪ್ರಾಧಾನ್ಯವಿದ್ದ ಎಡೆಯಲ್ಲಿ ಪರೀಕ್ಷೆಗೂ ಪೀಠ ದೊರೆತದ್ದು ಇತಿಹಾಸದ ಸಣ್ಣ ತಿದ್ದುಪಡಿಯೇ ಸರಿ.

೫. ಕನ್ನಡ ನಾಡಿನ ಪ್ರಯತ್ನಗಳು

ಬೆಂಗಳೂರಿನಲ್ಲಿ ಈ ವಿದ್ಯೆಯು ಹೆಚ್ಚಾಗಿ ಜೀವಕೋಶದ ಕಡೆಗೆ ಒಲಿದಿದೆ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಯಮುನಾ ಕೃಷ್ಣನ್ನರ ತಂಡವು ೨೦೦೯ರಲ್ಲಿ ಡಿ.ಎನ್.ಎ. ಎಳೆಗಳಿಂದಲೇ ಒಂದು ಪುಟ್ಟ ಯಂತ್ರವನ್ನು ಕಟ್ಟಿ, ಜೀವಂತ ಕೋಶದೊಳಗಿನ ಆಮ್ಲೀಯತೆಯನ್ನು ಅಳೆಯಿತು. ಆಮ್ಲ ಹೆಚ್ಚಿದಾಗ ಯಂತ್ರದ ಎರಡು ತುದಿಗಳು ಮಡಚಿ ಹತ್ತಿರ ಬರುತ್ತವೆ. ಒಂದು ತುದಿಯ ದೀಪಕವು ಹೀರಿದ ಶಕ್ತಿ ಇನ್ನೊಂದಕ್ಕೆ ದಾಟಿ ಬಣ್ಣ ಬದಲಾಗುತ್ತದೆ. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ತಿಮ್ಮಯ್ಯ ಗೋವಿಂದರಾಜು ಅವರು ಆಲ್‌ಜೈಮರ್ ಎಂಬ ಮರೆವಿನ ರೋಗದಲ್ಲಿ ಮಿದುಳಿನಲ್ಲಿ ಗಂಟುಕಟ್ಟುವ ಪ್ರೋಟೀನನ್ನು ಗುರುತಿಸುವ ಪ್ರತಿದೀಪ್ತ ಅಣುಗಳ ಮೇಲೆ ಕೆಲಸ ಮಾಡಿದ್ದಾರೆ. ಅವರಿಗೆ ೨೦೨೧ರಲ್ಲಿ ರಸಾಯನವಿಜ್ಞಾನದ ಭಟ್ನಾಗರ್ ಪ್ರಶಸ್ತಿ ಬಂದಿತು. ಹಳೆಯ ಮೈಸೂರಿನಿಂದಲೂ ಹೈದರಾಬಾದು ಕರ್ನಾಟಕದಿಂದಲೂ ಇಲ್ಲಿಗೆ ಬಂದ ನಮ್ಮ ಮಕ್ಕಳು ಇಂಥ ಪ್ರಯೋಗಾಲಯಗಳಲ್ಲಿ ದುಡಿಯುವುದು ಈಗ ಅಪೂರ್ವವಲ್ಲ.

೬. ಕುಪ್ಪಿಯಿಂದ ಬಾವಿಗೆ

ಇಷ್ಟನ್ನು ಹೇಳಿದಮೇಲೆ ಒಂದು ಕಠಿಣ ಪ್ರಶ್ನೆಯನ್ನು ಎದುರಿಸಬೇಕಾಗಿದೆ. ನಲಗೊಂಡ, ರಾಯಚೂರು, ಕೋಲಾರ ಜಿಲ್ಲೆಗಳಲ್ಲಿ ಫ್ಲೋರೈಡ್ ಬೆರೆತ ನೀರಿನಿಂದ ಹಲ್ಲೂ ಮೂಳೆಯೂ ಕೆಟ್ಟವರನ್ನು ನಾವು ಕಂಡಿದ್ದೇವೆ. ಯಾದಗಿರಿ ಜಿಲ್ಲೆಯ ಸುರಪುರದ ಕಡೆಯ ಕಿರದಳ್ಳಿ ತಾಂಡಾದಲ್ಲಿ ಅಂತರ್ಜಲದ ಪಾಷಾಣದಿಂದ ಜನರ ಚರ್ಮವು ರೋಗಕ್ಕೀಡಾದ ಸಂಗತಿ ೨೦೧೩ರಲ್ಲಿ ವಿದ್ವತ್ಪತ್ರಿಕೆಯಲ್ಲಿ ಪ್ರಕಟವಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯು ಕುಡಿಯುವ ನೀರಿಗೆ ಹೇಳುವ ಮಿತಿಯು ಲೀಟರಿಗೆ ಫ್ಲೋರೈಡಿಗೆ ೧.೫ ಮಿಲಿಗ್ರಾಂ, ಪಾಷಾಣಕ್ಕೆ ೦.೦೧ ಮಿಲಿಗ್ರಾಂ. ಇಂಥ ವಿಷಗಳಿಗೆ ಪ್ರತಿದೀಪ್ತಿ ಶೋಧಕಗಳು ಲೆಕ್ಕವಿಲ್ಲದಷ್ಟು ಪ್ರಕಟವಾಗಿವೆ. ಹಾಗಿದ್ದರೆ ಹಳ್ಳಿಯ ಬಾವಿಕಟ್ಟೆಯಲ್ಲಿ ಅವು ಏಕೆ ಕಾಣುವುದಿಲ್ಲ?

ಕಾರಣಗಳು ಶಾಸ್ತ್ರದೊಳಗೇ ಇವೆ. ಫ್ಲೋರೈಡಿನ ಅಯಾನು ನೀರಿನಲ್ಲಿ ತನ್ನ ಸುತ್ತ ನೀರಿನ ಅಣುಗಳನ್ನು ಬಿಗಿಯಾಗಿ ಸುತ್ತಿಕೊಂಡಿರುತ್ತದೆ. ಅದನ್ನು ಅಲ್ಲಿಂದ ಬಿಡಿಸುವುದು ಶೋಧಕಕ್ಕೆ ಕಷ್ಟ. ಆದಕಾರಣ ಅನೇಕ ಶೋಧಕಗಳು ಸಾವಯವ ದ್ರಾವಕದಲ್ಲಿ ಚೆನ್ನಾಗಿ ಬೆಳಗಿ, ನೀರಿನಲ್ಲಿ ಸುಮ್ಮನಾಗುತ್ತವೆ. ಬಾವಿಯ ನೀರಿನಲ್ಲಿರುವ ಕಬ್ಬಿಣವು ದೀಪ್ತಿಯನ್ನು ನಂದಿಸಬಹುದು. ಕೊಳೆತ ಎಲೆಗಳಿಂದ ಕರಗಿದ ದ್ರವ್ಯಗಳು ತಾವೇ ಬೆಳಗಿ ಸುಳ್ಳು ಸಾಕ್ಷಿ ಹೇಳಬಹುದು. ಬಿಸಿಲಿನಲ್ಲಿ ಇಟ್ಟರೆ ವರ್ಣದ್ರವ್ಯವು ಮಾಸುತ್ತದೆ. ಶುದ್ಧ ದ್ರಾವಕದ ಕುಪ್ಪಿಯಲ್ಲಿ ಬಂದ ಉತ್ತರವು ಬಾವಿಗೆ ಅನ್ವಯಿಸುವುದೆಂದು ಭಾವಿಸಲಾಗದು. ಆದ್ದರಿಂದ ಶೋಧಕವು ಮೊದಲು ಸುಳಿವು ಕೊಡುವ ಸಾಕ್ಷಿ ಮಾತ್ರ. ತೀರ್ಪು ಕೊಡಬೇಕಾದದ್ದು ಪ್ರಯೋಗಾಲಯದ ದೊಡ್ಡ ಯಂತ್ರ. ಪಟಾನ್‌ಚೆರುವಿನ ಅಂಕಿ ದೊರೆತದ್ದೂ ಅಂಥ ಯಂತ್ರದಿಂದಲೇ. ಆದರೆ ದೊಡ್ಡ ಯಂತ್ರವು ಪ್ರತಿ ಹಳ್ಳಿಗೆ ಹೋಗಲಾರದು. ಯಾವ ಬಾವಿಯ ನೀರನ್ನು ಅದರ ಬಳಿಗೆ ತರಬೇಕೆಂದು ಹೇಳುವ ಅಗ್ಗದ ಸಾಕ್ಷಿ ನಮಗೆ ಬೇಕೇ ಬೇಕು.

ಒಟ್ಟಿನಲ್ಲಿ ಈ ಇತಿಹಾಸದಿಂದ ಎರಡು ಸಂಗತಿಗಳು ಸಿದ್ಧವಾಗುತ್ತವೆ. ಪ್ರತಿದೀಪ್ತಿಯ ವಿದ್ಯೆ ಔಷಧದ ಮನೆಯಲ್ಲೇ ಹುಟ್ಟಿದ್ದು. ಮೊನಾರ್ಡೆಸನ ಕಷಾಯದಿಂದ ಸ್ಟೋಕ್ಸನ ಕ್ವಿನೈನಿನವರೆಗೆ, ಮಾಡುವ ಕೈಯೂ ಪರೀಕ್ಷಿಸುವ ಕಣ್ಣೂ ಒಂದೇ ಎಡೆಯಲ್ಲಿದ್ದುವು. ಬಾಲಾನಗರದಲ್ಲಿ ಕೈ ಮುಂದೆ ಹೋಗಿ ಕಣ್ಣು ಹಿಂದುಳಿಯಿತು; ಅದರ ಬೆಲೆಯನ್ನು ತೆತ್ತವರು ಕೆರೆಯ ಕೆಳಗಿನ ರೈತರು. ಲೆಕ್ಕ ಬರೆಯುವವನೂ ಲೆಕ್ಕ ನೋಡುವವನೂ ಬೇರೆಯಾಗಿರಬೇಕೆಂಬುದು ನಮ್ಮ ವೃತ್ತಿಯ ನಿಯಮವಾದರೂ, ಇಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಬೇಕೆಂಬುದೂ ಅಷ್ಟೇ ಮುಖ್ಯವಾದ ನಿಯಮ. ಎರಡನೆಯದಾಗಿ, ಡ್ಯಾನ್ಯೂಬಿನ ನೀರು ಆಖ್ ಬುಗ್ಗೆಯಲ್ಲಿ ಎದ್ದಂತೆ, ಒಂದು ಊರಿನಲ್ಲಿ ಇಂಗಿದ್ದು ಇನ್ನೊಂದು ಊರಿನಲ್ಲಿ ಮೇಲೇಳುತ್ತದೆ. ಪಟಾನ್‌ಚೆರುವಿನ ಹಳ್ಳಗಳ ನೀರು ಮಂಜೀರಾ ನದಿಗೆ ಸೇರಿ ಗೋದಾವರಿಗೆ ಹೋಗುತ್ತದೆ. ರಾಜ್ಯಗಳ ಗಡಿಯನ್ನೂ ಭಾಷೆಗಳ ಗಡಿಯನ್ನೂ ಅದು ಅರಿಯದು. ಆದುದರಿಂದ ಈ ಶಾಸ್ತ್ರವನ್ನು ಬಲ್ಲ ನಮ್ಮ ಯುವಕ ಯುವತಿಯರು ಅದನ್ನು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಬರೆಯಬೇಕು. ಬಾವಿಯ ನೀರನ್ನು ಕುಡಿಯುವವನಿಗೆ ಅದರ ಸಾಕ್ಷ್ಯವನ್ನು ಅವನ ಮಾತಿನಲ್ಲಿ ಓದಿಕೊಳ್ಳುವ ಹಕ್ಕುಂಟು.